ಇಳಕಲ್ ಸೀರೆಗೆ ಸನಾದಿಯೋ, ನಾದಸ್ವರವೋ?

ಕಲಬುರಗಿಯಲ್ಲಿ ಮದುವೆ ಇಟ್ಟುಕೊಂಡಿದ್ದೀರಾ? ಜವಳಿ ತಂದಾಯ್ತು, ವಾದ್ಯದವರಿಗೆ ಇನ್ನೂ ಹೇಳಿಲ್ಲ ಅಂದರೆ ಮೊದಲು ಮದುಮಗಳ ಸೀರೆಯನ್ನೊಮ್ಮೆ ಬಿಚ್ಚಿ ನೋಡಿ.

ಇಳಕಲ್ ಆದರೆ ನನ್ನ ಓಟು ಸನಾದಿಗೆ, ಅಂದರೆ ಶಹನಾಯಿಗೆ. ಆ ಸೀರೆಯ ಸೊಗಸೆಲ್ಲ ಕೆಂಪು ಸೆರಗಿನಲ್ಲಿ. ಅದರಲ್ಲಿ ನೇಯ್ದ, ಟೋಪ ತೆನಿ ಅನ್ನುವ ಬಿಳಿ ಚಿತ್ತಾರದ ಸಾಲು ಹತ್ತಿರ ಬಂದವರಿಗಷ್ಟೇ ಚೆನ್ನಾಗಿ ಕಾಣುತ್ತದೆ. ಸನಾದಿಯೂ ಹಾಗೇ, ದನಿ ಮೆತ್ತಗೆ. ಜೊತೆಯವರು ಒಂದೇ ಸ್ವರ ಹಿಡಿದು ಕೂತಿರುತ್ತಾರೆ, ಅದರ ಮೇಲೆ ರಾಗ ಹರಿಯುತ್ತದೆ. ಅಕ್ಕಿಕಾಳು ಬೀಳುವವರೆಗೆ ಮಂಗಳಾಷ್ಟಕದ ಮಾತೂ ಕೇಳಿಸುತ್ತದೆ.

ಅಗಲ ಜರಿ ಅಂಚಿನ ಕಾಂಚೀಪುರಂ ರೇಷ್ಮೆಯಾ? ನಾದಸ್ವರ, ಡೋಲು ಕರೆಸಿ. ನಾದಸ್ವರ ಸನಾದಿಗಿಂತ ಉದ್ದ, ದನಿಯೂ ಜೋರು. ಬಯಲಲ್ಲಿ ಪೆಂಡಾಲ್ ಹಾಕಿದರೆ ಮೈಕ್ ಇಲ್ಲದೆಯೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಸಣ್ಣ ಹಾಲ್‌ನಲ್ಲಿ ಮಾತ್ರ ಕಿವಿ ಗುಂಯ್ ಅನ್ನುತ್ತದೆ.

ಲೆಹೆಂಗಾದ ಕಥೆ ಬೇರೆ. ಅದರ ಭಾರಕ್ಕೆ ಬೇಗ ನಡೆಯೋಕೆ ಆಗಲ್ಲ. ಮೇ ತಿಂಗಳು ನಮ್ಮೂರಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ. ನಮ್ಮ ತಂಗಿ ಆರತಕ್ಷತೆಗೆ ಲೆಹೆಂಗಾದಲ್ಲಿ ವೇದಿಕೆ ಹತ್ತುವಾಗ ಕುಣಿಯುವ ಹಾಡು ಹಾಕಿದ್ದೆವು. ಹಾಡು ಮುಗಿದಾಗ ಅವಳಿನ್ನೂ ಎರಡನೇ ಮೆಟ್ಟಿಲ ಮೇಲೆ, ಘೇರು ಎತ್ತಿ ಹಿಡಿದು ನಗುತ್ತಾ ನಿಂತಿದ್ದಳು! ಇದಕ್ಕೆ ನಿಧಾನ ಲಯದ ಕೊಳಲು, ತಬಲಾ ಸಾಕು. ಹಾಡು ಯಾವುದೇ ಇರಲಿ, ಹಿಂದಿನ ದಿನ ಅದೇ ಲೆಹೆಂಗಾ ಉಟ್ಟು ಒಮ್ಮೆ ನಡೆದು ನೋಡಲಿ. ಡಿಜೆ ಸುಮ್ನೆ ಮೆರವಣಿಗೆಗೆ ಇರಲಿ ಬಿಡಿ.