ವಿದೇಶದಿಂದ ತಪ್ಪು ವಸ್ತು ಬಂದರೆ, ಸುಂಕದ ಕಾಗದಪತ್ರ ಕೈಸೇರದೆ ಹಿಂದಿರುಗಿಸಬೇಡಿ

ವಿದೇಶದ ಮಾರಾಟಗಾರರಿಂದ ತರಿಸಿದ ಪಾರ್ಸೆಲ್‌ನಲ್ಲಿ ನೀವು ಕೇಳಿದ್ದನ್ನು ಬಿಟ್ಟು ಬೇರೆ ವಸ್ತು ಬಂದಿದ್ದರೆ, ಕೂಡಲೇ ವಾಪಸು ಕಳುಹಿಸಿ ಎಂದು ಅವರ ಗ್ರಾಹಕ ಸೇವೆಯವರು ಎಷ್ಟೇ ಒತ್ತಾಯಿಸಿದರೂ, ಆಮದು ಸುಂಕಕ್ಕೆ ಸಂಬಂಧಿಸಿದ ಕಾಗದಪತ್ರಗಳು ನಿಮ್ಮ ಕೈಸೇರುವವರೆಗೆ ಕಳುಹಿಸಬೇಡಿ. ಅವರು ಹೇಳಿದಂತೆಯೇ ನಡೆದುಕೊಂಡ ನನಗೆ, ಕಟ್ಟಿದ ಸುಂಕ ಇಂದಿಗೂ ಮರಳಿ ಬಂದಿಲ್ಲ. ಇನ್ನು ಬರುವುದೂ ಇಲ್ಲ.

ನಾನು ತರಿಸಿದ್ದು ಕ್ಯಾಮೆರಾದ ಒಂದು ಲೆನ್ಸ್. ಹಣ ಪಾವತಿಸುವಾಗಲೇ ಆಮದು ಸುಂಕ ಮತ್ತು ತೆರಿಗೆಯ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಿ, ಪಾರ್ಸೆಲ್ ತಲುಪಿದಾಗ ಬೇರೇನೂ ಕೊಡಬೇಕಾಗಿಲ್ಲ ಎಂಬ ಭರವಸೆಯೊಂದಿಗೆ ಮಾರಾಟಗಾರರು ಅದನ್ನು ಪಡೆದುಕೊಂಡಿದ್ದರು. ಆದರೂ ಪಾರ್ಸೆಲ್ ಬಂದ ದಿನ ಕೊರಿಯರ್‌ನವರು ಅದೇ ಸುಂಕವನ್ನೂ, ಅದನ್ನು ನನ್ನ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ತಮ್ಮ ಸೇವಾ ಶುಲ್ಕವನ್ನೂ ಕೇಳಿದರು. ಕೊಡದಿದ್ದರೆ ಪಾರ್ಸೆಲ್ ವಾಪಸು ಹೋಗುತ್ತದೆ ಎಂದದ್ದರಿಂದ ಕೊಟ್ಟು ಬಿಡಿಸಿಕೊಂಡೆ. ಪೆಟ್ಟಿಗೆಯೊಳಗೆ ಇದ್ದದ್ದು ನನ್ನ ಕ್ಯಾಮೆರಾಕ್ಕೆ ಹೊಂದದ, ಅಗ್ಗದ ಮಾದರಿಯ ಲೆನ್ಸ್. ಹೊರಗೆ ಅಂಟಿಸಿದ್ದ ಇನ್‌ವಾಯ್ಸ್‌ನಲ್ಲಿ ಮಾತ್ರ ನಾನು ಕೇಳಿದ ಲೆನ್ಸಿನ ಹೆಸರೂ ಅದರ ಬೆಲೆಯೂ ಇದ್ದವು.

ಸುಂಕ ಎರಡು ಬಾರಿ ವಸೂಲಾದದ್ದು ಹೇಗೆ ಎಂಬುದು ಕೊರಿಯರ್ ದಾಖಲೆಗಳನ್ನು ತರಿಸಿಕೊಂಡ ಮೇಲೆ ತಿಳಿಯಿತು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಇನ್‌ಕೋಟರ್ಮ್ಸ್ ನಿಯಮಗಳ ಪ್ರಕಾರ, ಡಿಡಿಪಿ ಎಂದರೆ ಆಮದು ಸುಂಕವನ್ನು ಮಾರುವವರು ಭರಿಸಬೇಕು, ಡಿಎಪಿ ಎಂದರೆ ಕೊಳ್ಳುವವರು ಭರಿಸಬೇಕು. ನನ್ನಿಂದ ಡಿಡಿಪಿ ಲೆಕ್ಕದಲ್ಲಿ ಹಣ ಪಡೆದವರು ಕೊರಿಯರ್‌ಗೆ ಒಪ್ಪಿಸುವಾಗ ಡಿಎಪಿ ಎಂದು ನಮೂದಿಸಿದ್ದರು. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈ 1ರಿಂದ, 150 ಯೂರೊ ಮೀರದ ಪಾರ್ಸೆಲ್‌ಗಳ ವ್ಯಾಟ್ ಅನ್ನು ಮಾರಾಟಗಾರರೇ ಪಡೆದು ಕಟ್ಟುವ ಐಒಎಸ್‌ಎಸ್ ಎಂಬ ವ್ಯವಸ್ಥೆ ಇದೆ. ಅಲ್ಲಿಯೂ ಮಾರಾಟಗಾರರ ನೋಂದಣಿ ಸಂಖ್ಯೆ ಕಸ್ಟಮ್ಸ್‌ಗೆ ಸರಿಯಾಗಿ ತಲುಪದಿದ್ದರೆ ಗ್ರಾಹಕರ ಮೇಲೆ ಎರಡನೆಯ ಬಾರಿ ತೆರಿಗೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಲೆನ್ಸನ್ನು ಹಿಂದಿರುಗಿಸಿದಾಗ. ಮಾರಾಟಗಾರರು ತಾವೇ ಸಿದ್ಧಪಡಿಸಿದ ರಿಟರ್ನ್ ಲೇಬಲ್ ಕಳುಹಿಸಿ, ಅದನ್ನು ಅಂಟಿಸಿ ಕೊಟ್ಟುಬಿಡಿ, ಸುಂಕವೂ ಸೇರಿ ಪೂರ್ತಿ ಹಣ ಬರುತ್ತದೆ ಎಂದರು. ಬಂದದ್ದು ಲೆನ್ಸಿನ ಬೆಲೆ ಮಾತ್ರ. ಸುಂಕ ಸರ್ಕಾರಕ್ಕೆ ಸೇರಿದ್ದು, ಅದನ್ನು ಕಸ್ಟಮ್ಸ್‌ನಲ್ಲಿ ನೀವೇ ಕೇಳಿ ಪಡೆಯಿರಿ ಎಂಬ ಉತ್ತರವನ್ನು ಅವರು ಕೊಟ್ಟದ್ದು ವಸ್ತು ಅವರ ಕೈಸೇರಿದ ಮೇಲೆ. ಮೊದಲೇ ಹೇಳಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದು ನಂಬಲು ನನಗೆ ಸಾಧ್ಯವಾಗುತ್ತಿಲ್ಲ.

ಆರ್ಡರ್‌ಗೆ ತಕ್ಕುದಲ್ಲದ ಅಥವಾ ದೋಷವುಳ್ಳ ಆಮದು ವಸ್ತುವನ್ನು ಬಳಸದೆ ಮರುರಫ್ತು ಮಾಡಿದರೆ ಸುಂಕ ಮರಳಿಸುವ ಅವಕಾಶ ಅನೇಕ ದೇಶಗಳ ಕಾನೂನಿನಲ್ಲಿದೆ. ಆದರೆ ಒಳಗೆ ಬಂದ ವಸ್ತುವೇ ಹೊರಗೆ ಹೋಯಿತು ಎಂಬುದನ್ನು ಅರ್ಜಿದಾರರೇ ಸಾಬೀತುಪಡಿಸಬೇಕು, ಅದೂ ನಿಗದಿತ ಅವಧಿಯೊಳಗೆ. ಆಮದು ಘೋಷಣೆಯ ಸಂಖ್ಯೆ, ಸುಂಕ ಕಟ್ಟಿದ ರಸೀದಿ, ಆ ಆಮದನ್ನು ಉಲ್ಲೇಖಿಸುವ ರಫ್ತು ಘೋಷಣೆ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ನನ್ನ ವಿಷಯದಲ್ಲಿ ಆಮದು ದಾಖಲೆಯಲ್ಲಿ ಒಂದು ಲೆನ್ಸಿನ ಹೆಸರಿತ್ತು, ಪೆಟ್ಟಿಗೆಯಲ್ಲಿ ಬಂದದ್ದು ಇನ್ನೊಂದು, ರಿಟರ್ನ್ ಲೇಬಲ್‌ನಲ್ಲಿ ಮಾರಾಟಗಾರರು ಬರೆದದ್ದು ವಾಣಿಜ್ಯ ಮೌಲ್ಯವಿಲ್ಲದ ವೈಯಕ್ತಿಕ ವಸ್ತು ಎಂದು. ಅರ್ಜಿ ತಿರಸ್ಕೃತವಾಯಿತು. ಅಧಿಕಾರಿಗಳು ನನ್ನ ಮಾತನ್ನು ಸಹನೆಯಿಂದಲೇ ಕೇಳಿಸಿಕೊಂಡರು. ಆ ಕಾಗದಗಳನ್ನು ಮುಂದಿಟ್ಟುಕೊಂಡು ಅವರು ಬೇರೆ ತೀರ್ಮಾನ ಮಾಡುವುದು ಸಾಧ್ಯವಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಪೆಟ್ಟಿಗೆ ತೆರೆಯುವಾಗಲೇ ಲೆನ್ಸಿನ ಕ್ರಮಸಂಖ್ಯೆ ಮತ್ತು ಇನ್‌ವಾಯ್ಸ್ ಎರಡೂ ಕಾಣುವಂತೆ ತೆಗೆದ ಚಿತ್ರ, ಇನ್‌ವಾಯ್ಸ್ ತಪ್ಪಾಗಿದೆ ಎಂದು ಮಾರಾಟಗಾರರು ಬರೆದುಕೊಟ್ಟ ಪತ್ರ, ಸರಿಯಾದ ವಿವರವುಳ್ಳ ರಫ್ತು ಘೋಷಣೆ ಇವು ಇದ್ದರೆ ಪ್ರಕರಣಕ್ಕೆ ಬಲ ಬರುತ್ತಿತ್ತು. ವಸ್ತು ದೇಶ ಬಿಟ್ಟ ಮೇಲೆ ಅವುಗಳನ್ನು ಹೊಂದಿಸಲಾಗದು.

ಬದಲಿ ಲೆನ್ಸ್ ಕಳುಹಿಸುವಾಗ ಇನ್ನೊಂದು ಅಪಾಯವಿತ್ತು. ಸುಂಕ ತಪ್ಪಿಸಲು ಇನ್‌ವಾಯ್ಸ್‌ನಲ್ಲಿ ಉಡುಗೊರೆ ಎಂದು ಬರೆಯುತ್ತೇವೆ, ಇಲ್ಲವೇ ಬೆಲೆ ಸೊನ್ನೆ ಎಂದು ತೋರಿಸುತ್ತೇವೆ ಎಂದು ಅವರು ಮುಂದಾದರು. ನಾನು ಒಪ್ಪಲಿಲ್ಲ. ಉಚಿತವಾಗಿ ಬಂದ ಬದಲಿ ವಸ್ತುವಿಗೂ ಕಸ್ಟಮ್ಸ್ ದೃಷ್ಟಿಯಲ್ಲಿ ಮೌಲ್ಯವಿದೆ. ಸುಳ್ಳು ಘೋಷಣೆ ಸಿಕ್ಕಿಬಿದ್ದರೆ ಪಾರ್ಸೆಲ್ ಮುಟ್ಟುಗೋಲಾಗಬಹುದು, ದಂಡದ ಹೊರೆ ಆಮದುದಾರನೆಂದು ದಾಖಲಾದ ಗ್ರಾಹಕನ ಮೇಲೇ ಬೀಳಬಹುದು. ಸರಿಯಾದ ಬೆಲೆ ತೋರಿಸಿ, ಈ ಬಾರಿ ನಿಜವಾಗಿಯೂ ಡಿಡಿಪಿ ಎಂದು ನಮೂದಿಸಿ, ಅದರ ಪ್ರತಿಯನ್ನು ಮೊದಲೇ ನನಗೆ ಕಳುಹಿಸಿ ಎಂದು ಹಟ ಹಿಡಿದೆ. ಪ್ರತಿ ಬಂದ ಮೇಲೆಯೇ ಕಳುಹಿಸಲು ಒಪ್ಪಿಗೆ ಕೊಟ್ಟೆ. ಎರಡನೆಯ ಪಾರ್ಸೆಲ್‌ಗೆ ಯಾರೂ ಹಣ ಕೇಳಲಿಲ್ಲ.

ಆರ್ಡರ್ ಸಮಯದಲ್ಲೇ ಅವರು ಪಡೆದು, ಕಸ್ಟಮ್ಸ್‌ಗೆ ಎಂದೂ ಕಟ್ಟದ ಮೊದಲ ಮೊತ್ತವನ್ನು ಕಾರ್ಡ್ ನೀಡಿದ ಬ್ಯಾಂಕಿನಲ್ಲಿ ತಕರಾರು ಸಲ್ಲಿಸಿ ಮರಳಿ ಪಡೆದೆ. ಅದಕ್ಕೆ ನೆರವಾದದ್ದು ಎರಡೇ ಕಾಗದ: ತೆರಿಗೆಯ ಮೊತ್ತ ಕಾಣುವ ಆರ್ಡರ್ ವಿವರ, ಅದೇ ಪಾರ್ಸೆಲ್ ಸಂಖ್ಯೆಗೆ ಕೊರಿಯರ್ ಕೊಟ್ಟ ಸುಂಕದ ರಸೀದಿ. ಇಂಥ ತಕರಾರಿಗೂ ಗಡುವು ಇರುತ್ತದೆ. ಆದ್ದರಿಂದ ಮಾರಾಟಗಾರರು ಪರಿಶೀಲಿಸುತ್ತಿದ್ದೇವೆ ಎಂದು ಉತ್ತರಿಸುತ್ತಲೇ ಇದ್ದರೆ, ಅವರ ಪರಿಶೀಲನೆ ಮುಗಿಯಲೆಂದು ಕಾಯದೆ ಬ್ಯಾಂಕಿಗೆ ಬರೆದುಬಿಡಿ.