300 ನೋಟಿಸ್, ಮೂರು ದಾರಿ: ವರ್ಡ್, ಲಿಬ್ರೆ ಆಫೀಸ್, ಪ್ಯಾನ್‌ಡಾಕ್

ನಮ್ಮ ಸಹಕಾರ ಸಂಘದಲ್ಲಿ ಸುಮಾರು 300 ಸದಸ್ಯರಿದ್ದಾರೆ. ಸೆಪ್ಟೆಂಬರ್‌ನ ಮಹಾಸಭೆಗೆ ಮುಂಚೆ ಒಬ್ಬೊಬ್ಬರಿಗೂ ಹೆಸರು, ಷೇರು ಮೊತ್ತ, ಸಾಲದ ಬಾಕಿ ನಮೂದಿಸಿ ಒಂದು ಪುಟದ ನೋಟಿಸ್ ಹೋಗಬೇಕು. ವಾಟ್ಸ್‌ಆಪ್‌ನಲ್ಲಿ ಕಳಿಸೋದರಿಂದ ಪ್ರತಿಯೊಬ್ಬರದ್ದೂ ಬೇರೆ ಬೇರೆ ಪಿಡಿಎಫ್ ಆಗಬೇಕು. ವರ್ಡ್‌ನ ಮೇಲ್ ಮರ್ಜ್ (ಪಟ್ಟಿಯಿಂದ ಹೆಸರು, ಮೊತ್ತ ತೆಗೆದು ಪತ್ರಕ್ಕೆ ತುಂಬುವ ಸೌಲಭ್ಯ) ಎಲ್ಲವನ್ನೂ ಸೇರಿಸಿ ಒಂದೇ ಉದ್ದನೆ ಫೈಲ್ ಕೊಡುತ್ತದೆ. ಅದನ್ನು ಬಿಡಿಸುತ್ತಾ ಕೂರೋದು ಯಾರಿಗೆ ಬೇಕು? ಕೆಲಸವನ್ನು ತಾನಾಗೇ ಮಾಡುವ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆಯೋಣ ಅಂತ ಹೊರಟೆ.

ನೋಟಿಸ್ ತುಂಬುವ ಕೆಲಸ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟೆ. ಎಕ್ಸೆಲ್ ಪಟ್ಟಿಯಿಂದ ಒಂದೊಂದೇ ಸಾಲು ಓದಿ, ವರ್ಡ್‌ನ ನಮೂನೆ ಫೈಲ್‌ನ ಖಾಲಿ ಜಾಗ ತುಂಬುವುದು. ಇಲ್ಲೇ ಮೊದಲ ಪೆಟ್ಟು ಬಿತ್ತು. ನಮ್ಮ ಹಳೆ ಪಟ್ಟಿ ನುಡಿ ತಂತ್ರಾಂಶದಲ್ಲಿ, ಆಸ್ಕಿ ಅಕ್ಷರಗಳಲ್ಲಿ (ಒಳಗೆ ಇಂಗ್ಲಿಷ್ ಚಿಹ್ನೆ, ನುಡಿ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುವಂಥವು) ಟೈಪ್ ಆಗಿತ್ತು. ಎಕ್ಸೆಲ್‌ನಲ್ಲಿ ನುಡಿ ಫಾಂಟ್ ಇರುವಷ್ಟು ಹೊತ್ತು ಚೆನ್ನಾಗೇ ಕಾಣುತ್ತದೆ. ನೋಟಿಸ್‌ಗೆ ಬಂದ ಕೂಡಲೇ ಎಲ್ಲರ ಹೆಸರೂ ಕಲಸುಮೇಲೋಗರ. ಪಟ್ಟಿಯನ್ನೆಲ್ಲ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಕನ್ನಡಕ್ಕೆ, ತಿರುಗಿಸಿಕೊಂಡ ಮೇಲೆಯೇ ಕೆಲಸ ಮುಂದಕ್ಕೆ ಹೋಯಿತು.

ಇನ್ನು ಉಳಿದಿದ್ದು ತುಂಬಿದ ವರ್ಡ್ ಫೈಲ್‌ಗಳನ್ನು ಪಿಡಿಎಫ್ ಮಾಡುವುದು. ಪೈಪೋಟಿ ಇರೋದು ಇಲ್ಲೇ.

ವರ್ಡ್ ಅನ್ನು ಪವರ್‌ಶೆಲ್‌ನಿಂದ (ವಿಂಡೋಸ್‌ಗೆ ಬರಹದಲ್ಲೇ ಆಜ್ಞೆ ಕೊಡುವ ಸಾಧನ) ಓಡಿಸಬಹುದು. ಫೈಲ್ ತೆರೆ, 17ನೇ ನಂಬರಿನ ಫಾರ್ಮ್ಯಾಟ್‌ನಲ್ಲಿ (ಅದೇ ಪಿಡಿಎಫ್) ಸೇವ್ ಮಾಡು, ಮುಚ್ಚು. ಪುಟ ಪರದೆಯಲ್ಲಿ ಕಂಡ ಹಾಗೇ ಬರುತ್ತದೆ, ಒಂದು ಒತ್ತಕ್ಷರವೂ ಜರುಗುವುದಿಲ್ಲ. ಆದರೆ ಪಕ್ಕದಲ್ಲಿ ಒಬ್ಬರು ಕಾವಲಿರಬೇಕು. ಒಮ್ಮೆ ತುಂಬಿದ ಒಂದು ಫೈಲನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟು ಮರೆತಿದ್ದೆ. ಫೈಲ್ ಬಳಕೆಯಲ್ಲಿದೆ ಅಂತ ವರ್ಡ್ ಒಂದು ಪ್ರಶ್ನೆ ಕೇಳಿತು, ಅದೂ ಯಾರಿಗೂ ಕಾಣದ ಕಿಟಕಿಯಲ್ಲಿ. ನಾನು ಊಟ ಮುಗಿಸಿ ಬಂದರೂ ಸ್ಕ್ರಿಪ್ಟ್ ಅಲ್ಲೇ ನಿಂತಿತ್ತು. ತಪ್ಪು ನನ್ನದೇ ಬಿಡಿ. ಯಾರೂ ಇಲ್ಲದ ಸರ್ವರ್‌ನಲ್ಲಿ ಆಫೀಸನ್ನು ಹೀಗೆ ಓಡಿಸಬೇಡಿ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಇನ್ನೊಂದು ಮಾತು. ವಿಂಡೋಸ್ ಜೊತೆ ಬರುವ 5.1ರ ಪವರ್‌ಶೆಲ್ ಬಳಸುವವರು, ಸ್ಕ್ರಿಪ್ಟ್‌ನಲ್ಲಿ ಕನ್ನಡ ಪದ ಇದ್ದರೆ ಅದನ್ನು ಯುಟಿಎಫ್-8ರಲ್ಲಿ (ಯೂನಿಕೋಡ್ ಉಳಿಸುವ ಒಂದು ರೀತಿ), ಬಾಮ್ (ಫೈಲ್‌ನ ಶುರುವಿನಲ್ಲಿರುವ ಗುರುತು) ಸಮೇತ ಸೇವ್ ಮಾಡಿ. ಇಲ್ಲದಿದ್ದರೆ ಕನ್ನಡ ಕೆಟ್ಟುಹೋಗುತ್ತದೆ.

ಲಿಬ್ರೆ ಆಫೀಸ್ ಮೈಕ್ರೋಸಾಫ್ಟ್ ಆಫೀಸ್ ಥರದ್ದೇ, ಆದರೆ ಪುಕ್ಕಟೆ. ಹೆಡ್‌ಲೆಸ್ ಅಂತ ಹೇಳಿ ಓಡಿಸಿದರೆ ಕಿಟಕಿಯೇ ತೆರೆಯುವುದಿಲ್ಲ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಮೊದಲು ಫೈಲ್‌ಗೊಂದು ಸಲ ಕಮಾಂಡ್ ಕೊಟ್ಟೆ, ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತಾ ಆಮೆ ಥರ ಸಾಗಿತು. ಎಲ್ಲ ಫೈಲ್‌ಗಳನ್ನೂ ಒಂದೇ ಕಮಾಂಡ್‌ಗೆ ಕೊಟ್ಟೆ ನೋಡಿ, ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಅದೇ ಹೊತ್ತಿಗೆ ಬೇರೆ ಕೆಲಸಕ್ಕೂ ಲಿಬ್ರೆ ಆಫೀಸ್ ತೆರೆದಿಟ್ಟುಕೊಳ್ಳುವವರು ಸ್ಕ್ರಿಪ್ಟ್‌ಗೆ ಪ್ರತ್ಯೇಕ ಪ್ರೊಫೈಲ್ ಫೋಲ್ಡರ್ (ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಕೊಡಿ, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ.

ನಿಜವಾದ ತಲೆನೋವು ಫಾಂಟ್. ನಮೂನೆ ಇದ್ದದ್ದು ವಿಂಡೋಸ್‌ನ ತುಂಗಾ ಫಾಂಟ್‌ನಲ್ಲಿ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ತುಂಗಾ ಇಲ್ಲ. ಲಿಬ್ರೆ ಆಫೀಸ್ ಸದ್ದಿಲ್ಲದೆ ಬೇರೆ ಫಾಂಟ್ ಹಾಕಿಕೊಂಡಿತು. ಸಾಲುಗಳು ಜರುಗಿ ಕಾರ್ಯದರ್ಶಿಗಳ ಸಹಿ ಮಾತ್ರ ಎರಡನೇ ಪುಟಕ್ಕೆ ಹೋಗಿ ಕೂತಿತು. ನಮೂನೆಯನ್ನೇ ನೋಟೋ ಸೆರಿಫ್ ಕನ್ನಡಕ್ಕೆ ಬದಲಾಯಿಸಿ, ಅದನ್ನೇ ಎರಡೂ ಕಂಪ್ಯೂಟರ್‌ನಲ್ಲಿ ಹಾಕಿದ ಮೇಲೆ ಸರಿಹೋಯಿತು.

ಪ್ಯಾನ್‌ಡಾಕ್ ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ತಿರುಗಿಸುವ ಸಾಧನ, ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದು ಪಿಡಿಎಫ್ ಮಾಡೋದು ಬೇರೆ ಎಂಜಿನ್ ಮೂಲಕ, ತಾನಾಗಿ ಆರಿಸಿಕೊಳ್ಳುವ ಪಿಡಿಎಫ್‌ಲಾಟೆಕ್‌ಗೆ ಕನ್ನಡ ಬರುವುದಿಲ್ಲ. ಅದರ ಬದಲು ಝೀಲಾಟೆಕ್ ಎಂಜಿನ್ ಬಳಸು ಅಂತ ಹೇಳಿ ಫಾಂಟ್ ಹೆಸರನ್ನೂ ಕೊಟ್ಟರೆ ಅಕ್ಷರ ಚೆನ್ನಾಗೇ ಬರುತ್ತವೆ. ಆದರೆ ಲೆಟರ್‌ಹೆಡ್ ಮಾಯ! ಪ್ಯಾನ್‌ಡಾಕ್‌ಗೆ ಬೇಕಾದದ್ದು ಬರಹ, ಪುಟದ ಅಂದ ಅಲ್ಲ. ಸಭೆಯ ನಡಾವಳಿಗಳನ್ನು ವರ್ಡ್ ಫೈಲ್‌ನಿಂದ ಸಾದಾ ಬರಹಕ್ಕೆ ಇಳಿಸಿಟ್ಟುಕೊಳ್ಳಲು ಮಾತ್ರ ನಾನು ಇದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ.

ನನ್ನ ಓಟು ಲಿಬ್ರೆ ಆಫೀಸ್‌ಗೆ. ಹೊರಗಿನವರು ಕೊಟ್ಟ, ಕೋಷ್ಟಕಗಳೇ ತುಂಬಿರುವ ಫಾರಂ ಆದರೆ ಈಗಲೂ ವರ್ಡ್. ಈ ವರ್ಷ ಸ್ಕ್ರಿಪ್ಟ್‌ನ ಕೊನೆಗೆ ಪ್ರತಿ ಪಿಡಿಎಫ್‌ನ ಪುಟ ಎಣಿಸುವ ಸಾಲನ್ನೂ ಸೇರಿಸಿದ್ದೇನೆ. ಮೊನ್ನೆ ಓಡಿಸಿದಾಗ ನಾಲ್ಕು ನೋಟಿಸ್ ಎರಡು ಪುಟಕ್ಕೆ ಹೋಗಿದ್ದವು. ನಾಲ್ಕೂ ಕೇರಾಫ್ ಸಮೇತ ಆರು ಸಾಲಿನ ವಿಳಾಸ ಬರೆಸಿದವರದ್ದು.