ಖಾಲಿ ಪಂಚಿಂಗ್ ಬ್ಯಾಗ್ ತರಿಸಿದ್ದೆ: ಒಂದು ಮಳೆಗಾಲ ಕಳೆದ ಮೇಲಿನ ರಿವ್ಯೂ

ಮೂರೂವರೆ ಸ್ಟಾರ್. ಹೊಲಿಗೆಗೆ ಅರ್ಧ ಕಳೆದೆ, ಮಾರಿದವರ ಮಾತಿಗೆ ಒಂದು ಕಳೆದೆ. ಉಳಿದ ತಪ್ಪೆಲ್ಲ ನನ್ನದೇ, ಅದನ್ನೂ ಹೇಳುತ್ತೇನೆ. ಮಲೆನಾಡಿನಲ್ಲಿ ಕೂತು ಇಂಥದ್ದು ತರಿಸುವವರಿಗೆ ಉಪಯೋಗಕ್ಕೆ ಬರಲಿ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ನನಗೆ 45 ವರ್ಷ. ಶುಗರ್ ಗಡಿಯಲ್ಲಿ ನಿಂತಿದೆ, ದಿನಾ ವಾಕಿಂಗ್ ಮಾಡಿ ಅಂತ ಶಿವಮೊಗ್ಗದ ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಕಿಂಗ್ ಅಂದರೆ ಉಂಬಳಗಳಿಗೆ ರಕ್ತದಾನ ಮಾಡಿ ಬರುವುದು. ಸೂರಿನಡಿಯೇ ಬೆವರು ಹರಿಸುವ ದಾರಿ ಏನಾದರೂ ಇದೆಯಾ ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್ ತೀರಿಕೊಂಡ ಸುದ್ದಿ ಬಂತು. 2025ರ ಮಾರ್ಚ್ 21, 76 ವರ್ಷ. ಆ ವಾರ ಪೂರ್ತಿ ರಾತ್ರಿ ಊಟ ಆದ ಮೇಲೆ ಜಗಲಿಯ ಮೂಲೆಯಲ್ಲಿ, ನೆಟ್‌ವರ್ಕ್ ಸಿಗುವ ಆ ಒಂದೇ ಕುರ್ಚಿಯಲ್ಲಿ ಕೂತು ಅವನ ಹಳೇ ಪಂದ್ಯಗಳನ್ನೇ ನೋಡಿದೆ. 45ನೇ ವಯಸ್ಸಿನಲ್ಲಿ ಮತ್ತೆ ಹೆವಿವೇಟ್ ಚಾಂಪಿಯನ್ ಆದ ಮನುಷ್ಯ. ನನ್ನ ವಯಸ್ಸು! ಯುಗಾದಿ ಕಳೆದ ಮರುದಿನವೇ ಆರ್ಡರ್ ಹಾಕಿದೆ.

ಬಂದದ್ದು ಇದು: ನಾಲ್ಕು ಅಡಿ ಉದ್ದದ ಸಿಂಥೆಟಿಕ್ ಚೀಲ, ಮೇಲೆ ನಾಲ್ಕು ಪಟ್ಟಿ, ಒಂದು ಚೈನು. 1,850 ರೂಪಾಯಿ. ಒಳಗೆ ಏನೂ ಇಲ್ಲ. ನಮ್ಮ ದೇಶದಲ್ಲಿ ಕಡಿಮೆ ಬೆಲೆಗೆ ಸಿಗುವ ಬ್ಯಾಗು ಬಹುಪಾಲು ಹೀಗೆ ಖಾಲಿಯೇ ಬರುವುದು, ತುಂಬಿಸಿಕೊಳ್ಳುವುದು ನಮ್ಮ ಪಾಡು. ಆರ್ಡರ್ ಮಾಡುವಾಗ ಆ ಸಾಲು ಓದದೆ ಆಮೇಲೆ ಬೈಯುವವರ ಕಾಮೆಂಟುಗಳನ್ನು ನೀವೂ ನೋಡಿರುತ್ತೀರಿ. ಕೊರಿಯರ್‌ನವರು ನಮ್ಮೂರಿಗೆ ಬರುವುದಿಲ್ಲ, ತೀರ್ಥಹಳ್ಳಿಗೆ ಹೋಗಿ ತಂದೆ. ಮಳೆಕೋಟಿನ ಹಾಗೆ ಮಡಚಿ ಕಳಿಸಿದ್ದರು. ಅಮ್ಮ ಬಿಡಿಸಿ ನೋಡಿ, "ಗೊಬ್ಬರದ ಚೀಲಕ್ಕೆ ಇಷ್ಟು ದುಡ್ಡಾ?" ಅಂದರು.

ತುಂಬಿಸುವ ವಿಷಯವೇ ಈ ರಿವ್ಯೂನ ಮುಖ್ಯ ಭಾಗ. ಮರಳು ತುಂಬಬೇಡಿ. ತುಂಬಿದ ದಿನ ಚೆನ್ನಾಗಿಯೇ ಇರುತ್ತದೆ, ಆಮೇಲೆ ಗುದ್ದು ಬಿದ್ದ ಹಾಗೆಲ್ಲ ಮರಳು ಕೆಳಗಿಳಿದು ತಳ ಬಂಡೆಯಾಗುತ್ತದೆ, ಮೇಲ್ಭಾಗ ಜೋಲು ಬೀಳುತ್ತದೆ. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ನಮ್ಮನೆ ಹಿಂದೆ ಹೋದ ಕೊಯ್ಲಿನ ಅಡಿಕೆ ಸಿಪ್ಪೆ ರಾಶಿ ಬಿದ್ದಿತ್ತು, ಚೆನ್ನಾಗಿ ಒಣಗಿತ್ತು, ನಾರು ನಾರಾಗಿ ಮೆತ್ತಗಿತ್ತು, ಮೇಲಾಗಿ ಪುಕ್ಕಟೆ. ಬಚ್ಚಲೊಲೆಗೆ ಹಾಕುವುದನ್ನು ಚೀಲಕ್ಕೆ ಹಾಕಿದರೆ ಏನಾಗುತ್ತೆ ಅಂದುಕೊಂಡು ಒನಕೆಯಲ್ಲಿ ಜಡಿದು ಜಡಿದು ತುಂಬಿದೆ. ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ ಬರೀ 13 ಕಿಲೋ.

ಗುದ್ದುವ ಚೀಲ ಸುಮಾರು ನಮ್ಮ ಮೈತೂಕದ ಅರ್ಧ ಇರಬೇಕು ಅನ್ನುವುದು ಬಾಕ್ಸಿಂಗ್ ಕಲಿತವರ ಲೆಕ್ಕ. ನಾನು 72 ಕಿಲೋ, ಅಂದರೆ 35ರ ಹತ್ತಿರ ಬೇಕಿತ್ತು. 13 ಕಿಲೋದ ಚೀಲಕ್ಕೆ ಗುದ್ದಿದರೆ ಅದು ಉಯ್ಯಾಲೆಯಂತೆ ಹೋಗಿ, ವಾಪಸು ಬಂದು ನನ್ನ ಮೂಗಿಗೇ ಬಡಿಯುತ್ತಿತ್ತು. ಮೊದಲು ಜಗಲಿಯ ತೊಲೆಗೆ ಕಟ್ಟಿದ್ದೆ. ಎರಡನೇ ದಿನ ಮೇಲಿಂದ ಹಂಚಿನ ಪುಡಿ ಉದುರತೊಡಗಿತು, ಒಂದು ಹಂಚು ಜರುಗಿಯೂ ಜರುಗಿತು. ಅಪ್ಪಯ್ಯ ಏನೂ ಮಾತಾಡದೆ ಏಣಿ ತಂದು ಗೋಡೆಗೆ ಒರಗಿಸಿಟ್ಟರು. ಅಷ್ಟು ಸಾಕಾಯಿತು. ಅಡಿಕೆ ಸುಲಿಯುವ ಶೆಡ್ಡಿಗೆ ಹೋದೆ, ಅಲ್ಲಿ ಕಬ್ಬಿಣದ ಪೈಪಿದೆ.

ಇನ್ನು ಗುದ್ದುವುದರ ಬಗ್ಗೆ. ಒಂದು ರೌಂಡ್ ಅಂದರೆ ಮೂರು ನಿಮಿಷ, ಆಮೇಲೆ ಒಂದು ನಿಮಿಷ ವಿಶ್ರಾಂತಿ. ಓದುವಾಗ ಏನೂ ಅನ್ನಿಸುವುದಿಲ್ಲ. ಫೋನಿನಲ್ಲಿ ಟೈಮರ್ ಇಟ್ಟು, ಇರುವ ಶಕ್ತಿಯೆಲ್ಲ ಹಾಕಿ ಶುರು ಮಾಡಿದೆ. ನಲವತ್ತು ಸೆಕೆಂಡಿಗೆ ಭುಜ ಉರಿಯಿತು. ಒಂದು ನಿಮಿಷಕ್ಕೆ ಕೈ ಎತ್ತಲು ಆಗಲಿಲ್ಲ. ಒಂದೂವರೆ ನಿಮಿಷಕ್ಕೆ ಚೀಲವನ್ನು ತಬ್ಬಿಕೊಂಡು ನಿಂತಿದ್ದೆ, ಕೊಟ್ಟಿಗೆಯಿಂದ ದನ ನೋಡುತ್ತಿತ್ತು.

ಫೋರ್‌ಮನ್ ಮುಹಮ್ಮದ್ ಅಲಿ ಎದುರು ಸೋತ ಕಿನ್ಶಾಸಾ ಪಂದ್ಯ ನನಗೆ ಅರ್ಥವಾಗಿದ್ದು ಆಗ. 1974ರ ಅಕ್ಟೋಬರ್ 30, ಜೈರ್ ದೇಶ (ಈಗಿನ ಕಾಂಗೋ), ಅಲ್ಲಿನ ಹೊತ್ತಿನಲ್ಲಿ ಬೆಳಗಿನ ಜಾವ. ಫೋರ್‌ಮನ್ ಅಲ್ಲಿಗೆ ಹೋದಾಗ 40 ಪಂದ್ಯ ಆಡಿದ್ದ, 40ನ್ನೂ ಗೆದ್ದಿದ್ದ, 37 ನಾಕೌಟ್. ಅಲಿಗೆ 32 ವರ್ಷ, ಮುಗಿದುಹೋದ ಅಂತ ಜನ ಮಾತಾಡುತ್ತಿದ್ದರು. ಆ ಪಂದ್ಯದ ತಯಾರಿಯಲ್ಲಿ ಫೋರ್‌ಮನ್ ಬ್ಯಾಗಿಗೆ ಗುದ್ದುವ ಚಿತ್ರಗಳಿವೆ, ಒಬ್ಬರು ಹಿಂದಿನಿಂದ ಒತ್ತಿ ಹಿಡಿದಿದ್ದರೂ ಹೊಡೆದ ಜಾಗ ಗುಳಿ ಬೀಳುತ್ತಿರುತ್ತದೆ. ಪಂದ್ಯದಲ್ಲಿ ಅಲಿ ಮಾಡಿದ್ದೇನು? ತಾನೇ ಹೋಗಿ ರಿಂಗ್ ಸುತ್ತಲಿನ ಹಗ್ಗಕ್ಕೆ ಒರಗಿಕೊಂಡ. ಕೈಗಳನ್ನು ಮುಖಕ್ಕೆ ಅಡ್ಡ ಇಟ್ಟುಕೊಂಡ, ಹೊಡಿ ಅಂದ. ಚೀಲದ ಹಾಗೆ! ಫೋರ್‌ಮನ್ ಹೊಡೆದ, ಹೊಡೆದೇ ಹೊಡೆದ, ಆ ಸೆಕೆಯಲ್ಲಿ. ಐದನೇ ರೌಂಡ್ ಮುಗಿಯುವಾಗ ಅವನ ಕೈ ನೋಡಿ, ನೀರು ತುಂಬಿದ ಕೊಡ ಎತ್ತಿದ ಹಾಗಿದೆ. ಎಂಟನೇ ರೌಂಡಿನ ಕೊನೆಗೆ ಅಲಿ ಹಗ್ಗ ಬಿಟ್ಟು ಹೊರಬಂದು ನಾಲ್ಕಾರು ಹೊಡೆದ, ಫೋರ್‌ಮನ್ ಒಂದು ಸುತ್ತು ತಿರುಗಿ ಬಿದ್ದ. ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆ ಅಲ್ಲಿ ಧೋ ಅಂತ ಮಳೆ ಸುರಿಯಿತು. ಚೀಲ ವಾಪಸು ಹೊಡೆಯುವುದಿಲ್ಲ ಅನ್ನುವುದು ಸುಳ್ಳು. ಹೊಡೆಯುವವನ ಉಸಿರು ಮುಗಿಯುವವರೆಗೆ ಕಾಯುತ್ತದೆ, ಅಷ್ಟೇ.

ಮೇ ತಿಂಗಳಲ್ಲಿ ಮಳೆಗಾಲದ ಸೌದೆ ಒಡೆಯಲು ನಮ್ಮಲ್ಲಿಗೆ ಖಾಯಂ ಬರುವವರು ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು, ಸಣಕಲು ಮೈ. ನಾನು ಕುಣಿಯುವುದನ್ನು ಬೀಡಿ ಮುಗಿಯುವವರೆಗೂ ನೋಡಿದರು. "ಒಂದು ನಾನು ಹಾಕ್ಲಾ?" ಅಂದರು. ಗ್ಲೌಸ್ ತೊಡಿಸಿದೆ. ಅವರು ಕೈ ಮೊದಲು ಎತ್ತಲಿಲ್ಲ. ಕಾಲು ಸ್ವಲ್ಪ ಅಗಲ ಮಾಡಿದರು, ಎಡಗಾಲು ಮುಂದೆ, ಕೊಡಲಿ ಹಿಡಿಯುವಾಗ ನಿಲ್ಲುವ ಹಾಗೇ. ಹಿಂದಿನ ಹಿಮ್ಮಡಿ ನೆಲ ಬಿಟ್ಟು ತಿರುಗಿತು, ಸೊಂಟ ತಿರುಗಿತು, ಕೈ ಎಲ್ಲಕ್ಕಿಂತ ಕೊನೆಗೆ ಬಂತು. ಧಡ್ ಅಂತ ಒಂದೇ ಸದ್ದು. ಚೀಲ ಉಯ್ಯಾಲೆಯಾಡಲಿಲ್ಲ, ನಡುವೆ ಮಡಚಿ ಮೇಲಕ್ಕೆ ಹಾರಿ ಚೈನು ಝಲ್ ಅಂದಿತು. ಅವರು ಗ್ಲೌಸ್ ಕಳಚಿ ಕೊಟ್ಟು ಮತ್ತೆ ಕೊಡಲಿ ಹಿಡಿದರು.

ಅವತ್ತು ರಾತ್ರಿ ಫೋರ್‌ಮನ್‌ನ 1973ರ ಕಿಂಗ್‌ಸ್ಟನ್ ಪಂದ್ಯವನ್ನು ಮತ್ತೆ ಹಾಕಿ ನೋಡಿದೆ, ಈ ಸಲ ಕೈ ಬಿಟ್ಟು ಬರೀ ಕಾಲು ನೋಡಿದೆ. ಜನವರಿ 22, ಜಮೈಕಾ. ಎದುರಿಗಿದ್ದವನು ಜೋ ಫ್ರೇಜಿಯರ್, ಅಲಿಯನ್ನೇ ಸೋಲಿಸಿದ್ದ ಚಾಂಪಿಯನ್, ಅಲ್ಲಿಯವರೆಗೆ ಒಂದೂ ಸೋತವನಲ್ಲ. ಎರಡು ರೌಂಡ್ ಮುಗಿಯುವ ಮೊದಲೇ ಆರು ಸಲ ಕೆಳಗೆ ಬಿದ್ದ. ಒಂದು ಗುದ್ದಿಗಂತೂ ಎರಡೂ ಕಾಲು ನೆಲ ಬಿಟ್ಟವು. ಫೋರ್‌ಮನ್ ಕೈ ಬೀಸುವುದು ನೋಡಲು ಚೆಂದವಲ್ಲ, ಅಗಲಕ್ಕೆ ಬೀಸುತ್ತಾನೆ, ಒರಟು. ಆದರೆ ಪ್ರತಿ ಗುದ್ದಿಗೂ ಮೊದಲು ಕಾಲು ಊರಿರುತ್ತದೆ. ಬಲವೆಲ್ಲ ನೆಲದಿಂದ ಎದ್ದು ತೊಡೆ, ಸೊಂಟ, ಬೆನ್ನು ಹಾದು ಮುಷ್ಟಿಗೆ ಬರುತ್ತದೆ. ಇವನೂ ಸೌದೆ ಒಡೆದೇ ತಯಾರಾಗುತ್ತಿದ್ದವನು, ಗೊತ್ತಾ? ನಾನು ಆರು ವಾರ ಬರೀ ತೋಳಿನಲ್ಲಿ ಗುದ್ದುತ್ತಿದ್ದೆ. ಮಣಿಕಟ್ಟು ನೋವಾಗಿದ್ದಕ್ಕೆ ಚೀಲವನ್ನು ಬೈಯುತ್ತಿದ್ದೆ.

ಮಣಿಕಟ್ಟು ಅಂದ ಮೇಲೆ ಒಂದು ಮಾತು. ಗ್ಲೌಸ್ ಇದೆಯಲ್ಲ ಅಂತ ಕೈಗೆ ಪಟ್ಟಿ ಸುತ್ತುವುದನ್ನು ಬಿಡಬೇಡಿ. ನಾಲ್ಕೂವರೆ ಮೀಟರಿನ ಬಟ್ಟೆ ಪಟ್ಟಿ ಸಿಗುತ್ತದೆ, ಅಗ್ಗ. ಸುತ್ತಲು ಎರಡು ನಿಮಿಷ ಬೇಕು, ಆ ಎರಡು ನಿಮಿಷದಲ್ಲೇ ಅರ್ಧ ಸೋಮಾರಿತನ ಹೋಗುತ್ತದೆ. ಗ್ಲೌಸ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, 12 ಔನ್ಸಿನದು, ಸರಿಯಿದೆ.

ಜೂನ್ ಬಂತು. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ, ದೇವರ ಪಟ ಎಲ್ಲಕ್ಕೂ ಬೂಸ್ಟು ಬರುತ್ತದೆ. ಚೀಲದ ಹೊರಮೈಗೂ ಬಂತು, ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಈ ವಿಷಯದಲ್ಲಿ ಸಿಂಥೆಟಿಕ್‌ಗೆ ಪೂರ್ತಿ ಮಾರ್ಕ್ಸ್. ಚರ್ಮದ್ದೇ ಬೇಕು ಅನ್ನುವ ಮಲೆನಾಡಿನವರು ಅದನ್ನು ಒಲೆ ಮೇಲಿನ ಅಟ್ಟದಲ್ಲಿಟ್ಟು ಸಾಕಬೇಕಾಗುತ್ತದೆ. ಗ್ಲೌಸನ್ನು ನಾನೂ ಬಚ್ಚಲೊಲೆ ಹತ್ತಿರವೇ ನೇತುಹಾಕುತ್ತಿದ್ದೆ, ಈಗ ಅದಕ್ಕೆ ಹೊಗೆಯಾಡಿಸಿದ ಹಂದಿಮಾಂಸದ ವಾಸನೆ ಇದೆ. ಆದರೆ ಒಳಗಿದ್ದ ಸಿಪ್ಪೆ! ಥಂಡಿ ಕುಡಿದು ಹುಳಿ ವಾಸನೆ ಶುರುವಾಯಿತು. ಪುಷ್ಯ ಮಳೆ ಹೊತ್ತಿಗೆ ಚೀಲಕ್ಕೆ ಒಂದು ಗುದ್ದು ಹಾಕಿದರೆ ಒಳಗಿಂದ ಕಿಚ್ ಅಂತ ಉತ್ತರ ಬಂತು. ಜಿಪ್ ತೆಗೆದರೆ ಇಲಿ ಸಂಸಾರ. ತಾಯಿ, ಐದು ಮರಿ. ಮಗಳು ಮರಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಟ್ಟಳು, ಮರುದಿನ ಪೆಟ್ಟಿಗೆ ಖಾಲಿ. ಬೆಕ್ಕನ್ನು ನಾವು ಯಾರೂ ಏನೂ ಕೇಳಲಿಲ್ಲ.

ಸಿಪ್ಪೆ ಪೂರ್ತಿ ಸುರಿದು, ಚೀಲ ತೊಳೆದು, ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರ್ ಕಡೆಯ ಟೈಲರ್ ಅಂಗಡಿಗಳಲ್ಲಿ ಕತ್ತರಿಸಿ ಬಿಟ್ಟ ಬಟ್ಟೆ ಚೂರು ಕೇಳಿದೆ. ಎರಡು ಮೂಟೆ ಸಿಕ್ಕಿತು. ಅಮ್ಮನ ಹಳೇ ಸೀರೆ ಎರಡು, ಹರಿದ ಕಂಬಳಿ ಒಂದು. ತುಂಬುವುದಕ್ಕೂ ಕ್ರಮ ಇದೆ: ಒಂದು ಮೊಳ ತುಂಬಬೇಕು, ಒನಕೆಯಲ್ಲಿ ಜಡಿಯಬೇಕು, ಮತ್ತೆ ತುಂಬಬೇಕು. ನಡುವೆ ಗುಂಡಿ, ಹುಕ್ಕು, ಜಿಪ್ಪು ಇದ್ದರೆ ಕಿತ್ತು ಎಸೆಯಿರಿ, ಇಲ್ಲದಿದ್ದರೆ ಬೆರಳ ಗೆಣ್ಣಿಗೆ ಗೊತ್ತಾಗುತ್ತದೆ. ಈಗ ತೂಕ 34 ಕಿಲೋ. ಬೇರೆಯದೇ ಚೀಲ ಅನ್ನಿಸುತ್ತದೆ. ಗುದ್ದಿದರೆ ತೂಗುವುದಿಲ್ಲ, ಗುದ್ದನ್ನು ಕುಡಿಯುತ್ತದೆ.

ತೂಕ ಏರಿದ ಮೂರನೇ ವಾರಕ್ಕೆ ಒಂದು ಪಟ್ಟಿಯ ಹೊಲಿಗೆ ಬಿಟ್ಟಿತು. ಮಾರಿದವರಿಗೆ ಫೋಟೋ ಕಳಿಸಿದೆ. 60 ಕಿಲೋ ತಡೆಯುತ್ತದೆ ಅಂತ ಬರೆದಿದ್ದಿರಲ್ಲ ಅಂದರೆ, "ಸರ್, ನೀವು ಜೋರಾಗಿ ಹೊಡೆದಿರಬೇಕು" ಅಂತ ಉತ್ತರ. ಪಂಚಿಂಗ್ ಬ್ಯಾಗಿಗೆ ಮೆಲ್ಲಗೆ ಹೊಡೆಯಬೇಕಿತ್ತೇನೋ! ಇದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಲಾ ಅಂತ ಕೇಳಿದೆ, ಆಮೇಲೆ ಉತ್ತರ ಇಲ್ಲ. ತೀರ್ಥಹಳ್ಳಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ನಾಲ್ಕೂ ಪಟ್ಟಿಗೆ ದಪ್ಪ ನೈಲಾನ್ ದಾರದಲ್ಲಿ ಅಡ್ಡ ಹೊಲಿಗೆ ಹಾಕಿಕೊಟ್ಟರು, 120 ರೂಪಾಯಿ. ನೀವು ಕೊಳ್ಳುವುದಾದರೆ ನೇತುಹಾಕುವ ಮೊದಲೇ ಇದನ್ನು ಮಾಡಿಸಿ.

ಸೋತ ಮೇಲಿನ ಫೋರ್‌ಮನ್ ನನಗೆ ಜಾಸ್ತಿ ಇಷ್ಟವಾಗುವುದು ಈ ಚೀಲದ ಜೊತೆ ಆರು ತಿಂಗಳು ಕಳೆದ ಮೇಲೆ. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತು ಬಾಕ್ಸಿಂಗ್ ಬಿಟ್ಟ, ಹ್ಯೂಸ್ಟನ್‌ನಲ್ಲಿ ಚರ್ಚಿನ ಬೋಧಕನಾದ. ಹತ್ತು ವರ್ಷ ಗ್ಲೌಸ್ ಹಾಕಲಿಲ್ಲ. ಮಕ್ಕಳಿಗೆಂದು ಕಟ್ಟಿದ್ದ ಯುವಕೇಂದ್ರ ನಡೆಸಲು ದುಡ್ಡು ಬೇಕಿತ್ತು ಅಂತ 1987ರಲ್ಲಿ ವಾಪಸು ಬಂದಾಗ 120 ಕಿಲೋ ಇದ್ದ. ಜನ ನಕ್ಕರು. ಈ ಸಲದವನು ಬೇರೆ ಮನುಷ್ಯ. ಅಗಲಕ್ಕೆ ಬೀಸುವುದಿಲ್ಲ, ಓಡಾಡುವುದಿಲ್ಲ, ಕೈ ಅಡ್ಡ ಕಟ್ಟಿಕೊಂಡು ನಿಧಾನ ನಡೆದು ಬಂದು ಎಡಗೈಯಲ್ಲಿ ಚಿಕ್ಕ ಚಿಕ್ಕ ಗುದ್ದು ಕೊಡುತ್ತಾನೆ. ರೌಂಡ್ ನಡುವೆ ಸ್ಟೂಲ್ ಮೇಲೂ ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದ. 1991ರಲ್ಲಿ ಆಗಿನ ಚಾಂಪಿಯನ್ ಹೋಲಿಫೀಲ್ಡ್ ಎದುರು 12 ರೌಂಡ್ ನಿಂತು ಅಂಕದಲ್ಲಿ ಸೋತ.

1994ರ ನವೆಂಬರ್ 5, ಲಾಸ್ ವೇಗಸ್. ಎದುರಿಗೆ ಮೈಕಲ್ ಮೂರರ್, 26 ವರ್ಷ, ಸೋಲೇ ಗೊತ್ತಿಲ್ಲದ ಚಾಂಪಿಯನ್. ಫೋರ್‌ಮನ್ ಹಾಕಿಕೊಂಡಿದ್ದು ಕಿನ್ಶಾಸಾದಲ್ಲಿ ಸೋತಾಗಿನ ಅದೇ ಕೆಂಪು ಚಡ್ಡಿ. ಅಂದು ಅಲಿಯ ಮೂಲೆಯಲ್ಲಿದ್ದ ತರಬೇತುದಾರ ಏಂಜೆಲೋ ಡಂಡೀ ಈಗ ಇವನ ಮೂಲೆಯಲ್ಲಿ. ಒಂಬತ್ತು ರೌಂಡ್ ಏಟು ತಿಂದ, ಮೂವರು ತೀರ್ಪುಗಾರರ ಲೆಕ್ಕದಲ್ಲೂ ಹಿಂದಿದ್ದ. ಹತ್ತನೇ ರೌಂಡಿನಲ್ಲಿ ಎಡಗೈ, ಹಿಂದೆಯೇ ಬಲಗೈ. ಆ ಬಲಗೈ ನೋಡಿ, ಒಂದು ಅಡಿಯೂ ದೂರ ಹೋಗುವುದಿಲ್ಲ. ಮೂರರ್ ಅಂಗಾತ ಬಿದ್ದ, ಫೋರ್‌ಮನ್ ಮೂಲೆಗೆ ಹೋಗಿ ಮಂಡಿಯೂರಿದ. ಪಟ್ಟ ಕಳೆದುಕೊಂಡು 20 ವರ್ಷದ ಮೇಲೆ ವಾಪಸು. ಅಷ್ಟು ವಯಸ್ಸಿನ ಹೆವಿವೇಟ್ ಚಾಂಪಿಯನ್ ಇವತ್ತಿಗೂ ಮತ್ತೊಬ್ಬನಿಲ್ಲ. ಕೊನೆಯ ಲೆಕ್ಕ 81 ಪಂದ್ಯ, 76 ಗೆಲುವು, ಅದರಲ್ಲಿ 68 ನಾಕೌಟ್. ಆಮೇಲೆ ಅಡುಗೆಯ ಗ್ರಿಲ್‌ಗೆ ಹೆಸರು ಕೊಟ್ಟು ಬಾಕ್ಸಿಂಗಿಗಿಂತ ಜಾಸ್ತಿ ದುಡ್ಡು ಮಾಡಿದ, ಅದು ಬೇರೆ ಕಥೆ.

ನನ್ನ ಲೆಕ್ಕ: ಈಗ ಮೂರು ನಿಮಿಷದ್ದು ನಾಲ್ಕು ರೌಂಡ್ ಆಗುತ್ತದೆ. ಜೋರಾಗಿ ಹೊಡೆಯುವುದು ನಿಮಿಷಕ್ಕೆ ಹತ್ತೇ, ಉಳಿದಿದ್ದೆಲ್ಲ ಎಡಗೈ. ಶುಗರ್ ಸ್ವಲ್ಪ ಇಳಿದಿದೆ, ಅದರಲ್ಲಿ ಹೆಂಡತಿ ಅಕ್ಕಿ ರೊಟ್ಟಿ ಎರಡಕ್ಕೆ ಇಳಿಸಿದ್ದರ ಪಾಲೆಷ್ಟು, ಚೀಲದ ಪಾಲೆಷ್ಟು ಅಂತ ನಮ್ಮಿಬ್ಬರಲ್ಲಿ ಒಮ್ಮತ ಇಲ್ಲ. ಕೊಯ್ಲು ಶುರುವಾಗುತ್ತಿದೆ, ಸುಲಿಯುವವರು ಬಂದರೆ ಶೆಡ್ಡಿನಲ್ಲಿ ಜಾಗ ಇಲ್ಲ, ಚೀಲವನ್ನು ಮೂಲೆಗೆ ಸರಿಸಿ ಹಗ್ಗದಲ್ಲಿ ಕಟ್ಟಿದ್ದೇನೆ. ಸೌದೆಯವರು ನಿನ್ನೆ ಬಂದಿದ್ದರು. ಹಗ್ಗ ಬಿಚ್ಚಿ, ಒಂದು ಹಾಕಿ, ಮತ್ತೆ ಕಟ್ಟಿ ಕಾಫಿಗೆ ಕೂತರು.